ಅಂಗಡಿಕಟ್ಟೆಗೆ ಇಂಗ್ಲಿಷ್ ಬರುವುದಿಲ್ಲ

ನಮ್ಮ ಊರಿನ ಕಾಯಿಪಲ್ಲೆ ಅಂಗಡಿಗಳಿಗೆಲ್ಲ ಮೇಲೆ ಮೀನಿನ ಬಲೆ ಕಟ್ಟಿರುತ್ತಾರೆ. ಯಾರಾದರೂ ಬಾಯಿತಪ್ಪಿ, "ಏನೋ ಮಾರಾಯ, ಬದನೀಕಾಯಿ ಗಗನಕ್ಕ ಏರ್ಯಾವಲ್ಲೋ" ಅಂದುಬಿಟ್ಟರೆ ಬುಟ್ಟಿಯಲ್ಲಿದ್ದ ಬದನೆಕಾಯಿ ಅಷ್ಟೂ ಎದ್ದು ಹೊರಡುತ್ತವೆ. ಬಲೆಯಿದ್ದರೆ ಕೋಲಿನಿಂದ ಬಡಿದು ಇಳಿಸಿಕೊಳ್ಳಬಹುದು. ಕಿರಾಣಿ ಅಂಗಡಿಯಲ್ಲಿ "ದುಡ್ಡು ನೀರಿನಂಗ ಹರದು ಹೋಗಾಕತ್ತೈತಿ" ಎಂದವರ ಸಂಚಿ ತೊಟ್ಟಿಕ್ಕತೊಡಗುತ್ತದೆ, ಆಮೇಲೆ ಮನೆಗೆ ಹೋಗಿ ನೋಟುಗಳನ್ನು ರೊಟ್ಟಿಯ ಹಂಚಿನ ಮೇಲೆ ಒಣಗಿಸುವ ಕೆಲಸ. ಬಟ್ಟೆ ಅಂಗಡಿಯಲ್ಲಿ ಕೂತು "ನನಗ ಟೊಪ್ಪಿಗಿ ಹಾಕಿದ್ಯಲ್ಲೋ" ಎಂದು ಜಗಳ ತೆಗೆದ ನಿಂಗನಗೌಡನ ತಲೆಯ ಮೇಲೆ ಬಂದು ಕೂತ ಟೊಪ್ಪಿಗೆ ಹನ್ನೊಂದು ವರ್ಷವಾದರೂ ಇಳಿದಿಲ್ಲ. ಪಾಪ, ಮಗಳ ಮದುವೆಯಲ್ಲಿ ಅದರ ಮೇಲೆಯೇ ಪೇಟ ಸುತ್ತಿಸಿಕೊಂಡ. ಮನೆಯಲ್ಲಿ, ಬೀದಿಯಲ್ಲಿ ಏನು ಬೇಕಾದರೂ ಅನ್ನಿ, ನಡೆಯುತ್ತದೆ. ಅಂಗಡಿಯ ಕಟ್ಟೆ ಹತ್ತಿ ಆಡಿದ ಮಾತು ಮಾತ್ರ ಆಡಿದ ಹಾಗೇ ಆಗುತ್ತದೆ.

ಹೀಗಾಗಿ ನಮ್ಮಲ್ಲಿ ಕೊಳ್ಳುವವರೂ ಮೂಕರು, ಮಾರುವವರೂ ಮೂಕರು. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂದು ಅಂಗಡಿ ಅಂಗಡಿಗೂ ಬರೆಸಿದ್ದಾರೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದು, ಅವರು ಬೆಲೆಯನ್ನು ಪಾಟಿಯ ಮೇಲೆ ಬರೆಯುವುದು, ಚೌಕಾಸಿ ಮಾಡುವುದಿದ್ದರೆ ದನದ ಸಂತೆಯ ದಲಾಲರ ಹಾಗೆ ಟವೆಲಿನ ಕೆಳಗೆ ಬೆರಳು ಹಿಡಿಯುವುದು. ಕೆಲಸವೇನೋ ಆಗುತ್ತಿತ್ತು. ಆದರೆ ನೀವೇ ಹೇಳಿ, ಸೀರೆಯ ಬೆಲೆ ಕೇಳಿ "ಅಯ್ಯ ನಮ್ಮವ್ವಾ, ಇಷ್ಟ್ಯಾಕೋ!" ಅನ್ನಲಾಗದಿದ್ದರೆ ಆ ಸೀರೆ ಕೊಂಡರೇನು ಬಿಟ್ಟರೇನು? ಅರ್ಧ ಸುಖ ಬೈಯುವುದರಲ್ಲೇ ಇರುತ್ತದೆ. ನಮ್ಮ ಊರಿನ ಹೆಂಗಸರು ಆ ಬೈಗುಳವನ್ನೆಲ್ಲ ನುಂಗಿಕೊಂಡು ಮನೆಗೆ ಬಂದು ಗಂಡಂದಿರ ಮೇಲೆ ತೀರಿಸಿಕೊಳ್ಳುತ್ತಿದ್ದರು.

ನಾನು ಇಂದುಮತಿ. ಹುಡುಗಿಯರ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಊರಿಗೆಲ್ಲ ಇಂದೂಬಾಯಿ, ಬಾಯಾರು. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಸ್ವಲ್ಪ ಜಂಭದವಳು ಎನ್ನುತ್ತಾರೆ, ಸುಳ್ಳಲ್ಲ. ಸ್ಪೆಲಿಂಗು ತಪ್ಪಿದ ಮದುವೆ ಕಾರ್ಡು ಕೊಟ್ಟರೆ ಊಟಕ್ಕೆ ಹೋಗುವ ಮುಂಚೆ ತಿದ್ದಿ ವಾಪಸ್ಸು ಕೊಟ್ಟವಳು ನಾನು.

ಒಂದು ದಿನ ಬಟ್ಟೆ ಅಂಗಡಿಯಲ್ಲಿ ಪಾಟಿಯ ಮೇಲಿನ ಬೆಲೆ ನೋಡಿ ನನ್ನ ಬಾಯಿಂದ ತಟ್ಟನೆ "ಡೇಲೈಟ್ ರಾಬರಿ!" ಎಂದು ಬಂದುಬಿಟ್ಟಿತು. ಹಾಡಹಗಲ ದರೋಡೆ! ಅಂಗಡಿಯವ ಗಲ್ಲೆಯ ಮೇಲೆ ಕವುಚಿ ಬಿದ್ದ. ನಾನು ಮಾಂಗಲ್ಯದ ನೆನಪಿಗೆಂದು ಹಾಕಿಕೊಂಡಿದ್ದ ಒಂದೆಳೆ ಸರವನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಯಾವ ಕಳ್ಳನೂ ಬರಲಿಲ್ಲ. ಆಗ ಹೊಳೆಯಿತು ನನಗೆ. ನಮ್ಮ ಅಂಗಡಿಕಟ್ಟೆಗೆ ಇಂಗ್ಲಿಷ್ ಬರುವುದಿಲ್ಲ!

ಮುಂದಿನ ವಾರದಿಂದ ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕ್ಲಾಸು ಶುರುವಾಯಿತು. ಹನ್ನೆರಡು ಜನ ಹೆಂಗಸರು. ವ್ಯಾಕರಣ ಬೇಡ, ಕಾಗುಣಿತ ಬೇಡ, ಕೊಳ್ಳುವಾಗ ಗೊಣಗುವುದಕ್ಕೆ ಬೇಕಾದ ಇಂಗ್ಲಿಷ್ ನುಡಿಗಟ್ಟು ಮಾತ್ರ. ದಿನಕ್ಕೆ ಒಂದು. ಕಪ್ಪುಹಲಗೆಯ ಮೇಲೆ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೆ. "ವಿಂಡೋ ಶಾಪಿಂಗ್" ಎಂದು ಬರೆದ ದಿನ ಬಳೆಗಳ ಹುಚ್ಚಿನ ಅಂಬಕ್ಕ ಕೈಯೆತ್ತಿ ಕೇಳಿದಳು, "ಕಿಡಕಿ ಕೊಳ್ಳೂದೇನ್ರಿ ಬಾಯಾರ?"

"ಅಲ್ಲವಾ, ಏನೂ ಕೊಳ್ಳದ ಬರೇ ಹೊರಗಿಂದ ನೋಡಿಕೋತ ಹೋಗೂದು."

"ಅದಕ್ಕೊಂದು ಹೆಸರ ಬ್ಯಾರೆ ಇಟ್ಟಾರ? ನಾವು ಹುಟ್ಟಿದಾಗಿಂದ ಅದನ್ನ ಮಾಡಾಕತ್ತೇವಿ!"

ಆ ದಿನ ನಗುವುದರಲ್ಲೇ ಕ್ಲಾಸು ಮುಗಿಯಿತು.

ಎಲ್ಲರಿಗಿಂತ ಚುರುಕು ಶಾವಂತ್ರಿ. ಹಿಟ್ಟಿನ ಗಿರಣಿಯ ಹಿಂದೆ ಒಂದು ಖೋಲಿಯಲ್ಲಿದ್ದು ಜಂಪರು ಹೊಲಿದು ಬದುಕುತ್ತಿದ್ದವಳು. ವಯಸ್ಸು ಮೂವತ್ತೈದರ ಒಳಗೆ. ಸ್ವಂತ ಮಶೀನು ಇರಲಿಲ್ಲ, ಇನ್ನೊಬ್ಬರ ಮಶೀನು ಬಾಡಿಗೆಗೆ ತುಳಿಯುತ್ತಿದ್ದಳು. ಅದೂ ಅವರ ಕೆಲಸ ಇಲ್ಲದ ಹೊತ್ತಿನಲ್ಲಿ. ಮಶೀನಿನ ಮನೆಯವರು ಊಟಕ್ಕೆ ಎದ್ದಾಗ ಇವಳು ಕೂರಬೇಕು, ಅವರು ಬಾಯಿ ಒರೆಸಿಕೊಂಡು ಬಂದಾಗ ಇವಳು ಅರ್ಧ ಹೊಲಿದ ತೋಳನ್ನು ಬಿಟ್ಟು ಎದ್ದೇಳಬೇಕು. ತುಳಿಯುವಾಗ ಅಜ್ಜಿಯಿಂದ ಬಂದ ಬೀಸುವ ಪದ ಹಾಡುತ್ತಿದ್ದಳು. ಆರು ವರ್ಷದಿಂದ ಕಾಲಿನಿಂದ ತುಳಿಯುವ ಸ್ವಂತ ಮಶೀನಿಗಾಗಿ ಕೂಡಿಡುತ್ತಿದ್ದಾಳೆ ಎಂದು ಊರಿಗೆಲ್ಲ ಗೊತ್ತಿತ್ತು. "ಇಟ್ ಕಾಸ್ಟ್ಸ್ ಆನ್ ಆರ್ಮ್ ಅಂಡ್ ಎ ಲೆಗ್" ಎಂದು ಕಲಿಸಿದ ದಿನ ಅದನ್ನು ಹತ್ತು ಸಲ ಅಂದು ಅಂದು ಬಾಯಿಗೆ ಕೂರಿಸಿಕೊಂಡಳು. ಒಂದು ಕೈ, ಒಂದು ಕಾಲು ಕೊಡುವಷ್ಟು ದುಬಾರಿ. "ಇದ ಚಲೋ ಐತ್ರಿ. ನನ್ನ ಮಶೀನ ತಗೊಳ್ಳುವಾಗ ಇದನ್ನ ಅಂತೇನಿ," ಎಂದಳು.

ಅಬ್ಬಾ, ಆ ನಾಲ್ಕು ತಿಂಗಳು ನಮ್ಮ ಪೇಟೆಯನ್ನು ನೀವು ನೋಡಬೇಕಿತ್ತು. ಮೊರ ಕೊಳ್ಳುವ ಮುದುಕಿ ಬೆಲೆ ಏರಿತೆಂದು "ಟೂ ಸ್ಟೀಪ್, ಟೂ ಸ್ಟೀಪ್" ಎನ್ನುತ್ತಿದ್ದಳು. ಉಳ್ಳಾಗಡ್ಡಿ ತೂಗಿಸಿಕೊಳ್ಳುವವಳು "ಮನಿ ಡಸ್ ನಾಟ್ ಗ್ರೋ ಆನ್ ಟ್ರೀಸ್" ಎಂದು ಸೆರಗು ಕೊಡವುತ್ತಿದ್ದಳು. ಅಂಗಡಿಯವರಿಗೂ ಖುಷಿಯೋ ಖುಷಿ, ಬೈಸಿಕೊಳ್ಳದೆ ಅವರಿಗೂ ವ್ಯಾಪಾರ ಸಪ್ಪೆಯಾಗಿತ್ತು. ಹೆಂಗಸರು ಹಗುರಾಗಿ ಮನೆಗೆ ಬರುತ್ತಿದ್ದರು, ಗಂಡಂದಿರು ನನಗೆ ಎದುರಿಗೆ ಸಿಕ್ಕರೆ ಕೈ ಮುಗಿಯುತ್ತಿದ್ದರು. ನನಗೋ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷ ಸ್ಕೂಲಿನಲ್ಲಿ ಕಲಿಸಿದರೂ ಯಾರೂ ನನ್ನ ಇಂಗ್ಲಿಷನ್ನು ಇಷ್ಟು ಪ್ರೀತಿಯಿಂದ ಬಳಸಿರಲಿಲ್ಲ.

ಇನ್ನು ಹೇಳುವುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಒಂದು ಸಂಜೆ ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ಅಂಬಕ್ಕ ಹಿಂದೆ ಉಳಿದಳು. ಸೊಂಟದಿಂದ ಸಂಚಿ ತೆಗೆದು ತೋರಿಸಿದಳು. ಬಳೆ ಅಂಗಡಿಯಲ್ಲಿ ಕೂತು, ಕಲಿತದ್ದನ್ನು ಕಲಿತ ಹಾಗೆ, ಕೈಯಲ್ಲಿದ್ದ ದುಡ್ಡು ಖರ್ಚಾಗದೆ ತಡೆಯುತ್ತಿಲ್ಲ ಎನ್ನುವುದಕ್ಕೆ "ಬರ್ನಿಂಗ್ ಎ ಹೋಲ್ ಇನ್ ಮೈ ಪಾಕೆಟ್" ಅಂದಳಂತೆ. ಸಂಚಿಯ ತಳದಲ್ಲಿ ರೂಪಾಯಿ ಅಗಲದ ತೂತು, ಅಂಚೆಲ್ಲ ಕರಕಲು.

"ಒಲಿ ಕಿಡಿ ಸಿಡದಿರಬೇಕವಾ," ಎಂದೆ.

"ಹಂಗಂತೀರೇನ್ರಿ?"

"ಹಂಗಽ. ಸುಮ್ಮನ ಯಾರ ಮುಂದೂ ಹೇಳಬ್ಯಾಡ, ಎಲ್ಲಾರೂ ಅಂಜತಾರ."

ಅವಳು ನಂಬಿದಳು. ಬಾಯಾರು ಹೇಳಿದ ಮೇಲೆ ಮುಗಿಯಿತಲ್ಲ. ನಾಲ್ಕು ತಿಂಗಳು ದಿನವೂ ಕೇಳಿ ಕೇಳಿ ಕಟ್ಟೆ ಇಂಗ್ಲಿಷ್ ಕಲಿಯತೊಡಗಿದೆ ಎಂದು ನನ್ನ ಒಳಮನಸ್ಸಿಗೆ ಗೊತ್ತಾಗಿತ್ತು. ಕಲಿಸುವವಳಿಗೆ ಕಲಿಯುವವರ ಸುಳಿವು ಸಿಗದೆ ಇರುತ್ತದೆಯೇ? ಆದರೆ ಕ್ಲಾಸು ನಿಲ್ಲಿಸಿದರೆ ನಾಲ್ಕು ಗಂಟೆಗೆ ಮತ್ತೆ ನನ್ನ ಪಡಸಾಲೆ ಖಾಲಿ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಅದಾದ ಒಂಬತ್ತನೆಯ ದಿನ ಶಾವಂತ್ರಿ ಮಶೀನು ಕೊಳ್ಳಲು ಹೊರಟಳು. "ಬಾಯಾರ, ನೀವೂ ಬರ್ರಿ, ನನ್ನ ಇಂಗ್ಲಿಷ್ ಕೇಳಾಕ," ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಸಂಗನಬಸಪ್ಪನವರ ಅಂಗಡಿ ಪೇಟೆಯ ತುದಿಗಿದೆ. ಮೊಳೆ, ಬೀಗ, ಕೊಡಲಿ ಕಾವು, ಹೊಲಿಗೆ ಮಶೀನು ಎಲ್ಲ ಸಿಗುತ್ತವೆ. ಸಾಹುಕಾರರು ಸಾಧು ಮನುಷ್ಯ, ಸದಾ ಹೊಟ್ಟೆ ಉರಿತ ಎಂದು ಓಮಿನ ಕಾಳು ಅಗಿಯುತ್ತಿರುತ್ತಾರೆ. ಪಾಟಿಯ ಮೇಲೆ ಬೆಲೆ ಬರೆದರು. ಶಾವಂತ್ರಿಯ ಗಂಟಿನಲ್ಲಿ ಅಷ್ಟೂ ಇತ್ತು, ಮೇಲೆ ಪೇಢೆ ಹಂಚುವುದಕ್ಕೂ ಇತ್ತು. ನಾನು ಆಗಲಾದರೂ ಅವಳ ಸೆರಗು ಜಗ್ಗಬೇಕಿತ್ತು. ಜಗ್ಗಲಿಲ್ಲ. ಅಂಬಕ್ಕನ ಸಂಚಿಗೆ ನಿಜವಾಗಿಯೂ ಒಲೆಯ ಕಿಡಿಯೇ ಸಿಡಿದಿರಲಿ ದೇವರೇ ಎಂದುಕೊಂಡು ನಿಂತೆ. ಶಾವಂತ್ರಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಸೊಂಟದ ಮೇಲೆ ಕೈಯಿಟ್ಟು, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದಳು, "ಅಯ್ಯಯ್ಯ ಸಾವ್ಕಾರ್ರ! ಇಟ್ ಕಾಸ್ಟ್ಸ್ ಆನ್ ಆರ್ಮ್ ಅಂಡ್ ಎ ಲೆಗ್!"

ಸಂಗನಬಸಪ್ಪನವರು ನಗುತ್ತ ಗಲ್ಲೆ ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಜಗ್ಗಿದರು, ಜಪ್ಪಯ್ಯ ಎನ್ನಲಿಲ್ಲ. ಬೆಲೆ ಆಗಲೇ ಬೇರೆ ನಿಗದಿಯಾಗಿಹೋಗಿತ್ತು, ಗಲ್ಲೆಗೆ ದುಡ್ಡು ಬೇಕಿರಲಿಲ್ಲ. ಅಷ್ಟರಲ್ಲಿ ಶಾವಂತ್ರಿಯ ಬಲಗೈ ತಾನಾಗಿ ಎದ್ದು ಕಟ್ಟೆಯ ಆಚೆ ಚಾಚಿ ಸುತಳಿಯ ಉಂಡೆ ಎತ್ತಿಕೊಂಡಿತು. ಯಾರಿಗೋ ಕಟ್ಟಿಡಬೇಕಿದ್ದ ಮೊಳೆಯ ಪೊಟ್ಟಣಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿತು. ಬಲಗಾಲು ಒಂದು ಹೆಜ್ಜೆ ಒಳಗೆ ನಡೆದು ನಿಂತಿತು.

"ಬಾಯಾರ," ಎಂದಳು ಶಾವಂತ್ರಿ, ಸಣ್ಣ ದನಿಯಲ್ಲಿ. "ನನ್ನ ಕೈ ನನ್ನ ಮಾತ ಕೇಳವಲ್ದರಿ."

ಅಂದಿನಿಂದ ಬೆಳಿಗ್ಗೆ ಎಂಟಕ್ಕೆ ಸಾಹುಕಾರರು ಬಾಗಿಲು ತೆರೆದರೆ ಸಾಕು, ಗಿರಣಿಯ ಹಿಂದೆ ಶಾವಂತ್ರಿಯ ಬಲಗಾಲು ಚಪ್ಪಲಿ ಹುಡುಕುತ್ತಿತ್ತು. ಕಾಲು ಹೋದಲ್ಲಿಗೆ ಉಳಿದ ಮೈ ಹೋಗಲೇಬೇಕಲ್ಲ. ಇಡೀ ದಿನ ಅವಳ ಕೈ ಮೊಳೆ ತೂಗುತ್ತಿತ್ತು, ಬೀಗಕ್ಕೆ ಎಣ್ಣೆ ಹಚ್ಚುತ್ತಿತ್ತು, ಕಸ ಹೊಡೆಯುತ್ತಿತ್ತು. ಅವಳು ಅದರ ಜೊತೆ ಸುಮ್ಮನೆ ನಿಂತಿರುತ್ತಿದ್ದಳು. ಸಾಹುಕಾರರಿಗೆ ನೋಡಲಾಗದೆ ಅವಳಿಗೊಂದು ಸ್ಟೂಲು ಹಾಕಿದರು, ಕಾಲು ಕೂರಲು ಒಪ್ಪಲಿಲ್ಲ. ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದರು, ಅವಳು ಎಡಗೈಯಲ್ಲಿ ತಿನ್ನುತ್ತಿದ್ದಳು. ಊರಿನ ಜನ ಎರಡು ದಿನ ಬೆರಗಾಗಿ ನೋಡಿ ಮೂರನೆಯ ದಿನ ಒಗ್ಗಿಕೊಂಡರು. "ಶಾವಂತ್ರಿ ಕೈಲೆ ಕಟ್ಟಿಸಿದ ಪೊಟ್ಣ ಬಿಚ್ಚೂದಿಲ್ಲ ನೋಡ" ಎಂದು ಮೆಚ್ಚುವವರೂ ಹುಟ್ಟಿಕೊಂಡರು. ಜನಕ್ಕೇನು, ಯಾವುದಕ್ಕಾದರೂ ಒಗ್ಗುತ್ತಾರೆ.

ಸಂಜೆ ಮನೆಗೆ ಬಂದರೂ ಆ ಕೈ ಅವಳದಲ್ಲ. ಹೊಸ ಮಶೀನು ಹಾಸುಗಂಬಳಿ ಹೊದ್ದು ಮೂಲೆಯಲ್ಲಿ ಕೂತಿತ್ತು. ಗಾಲಿ ತಿರುಗಿಸಲು ಬಲಗೈ ಬೇಕು, ತುಳಿಯಲು ಬಲಗಾಲು ಬೇಕು. ಇವಳು ಎಡಗೈಯಿಂದ ಬಲಗೈಯನ್ನು ಎತ್ತಿ ಗಾಲಿಯ ಮೇಲಿಟ್ಟರೆ ಅದು ಜಾರಿ ತೊಡೆಯ ಮೇಲೆ ಬೀಳುತ್ತಿತ್ತು. ಹಳೆಯ ಬಾಡಿಗೆ ಮಶೀನು ಬಿಟ್ಟುಕೊಟ್ಟಾಗಿತ್ತು, ಅಲ್ಲಿ ಬೇರೆಯವರು ಕೂತಿದ್ದರು. ಲಗ್ನದ ಕಾಲ, ಹೊಲಿಯಲು ಕೊಟ್ಟಿದ್ದ ಜಂಪರಿನ ಬಟ್ಟೆಗಳನ್ನು ಒಬ್ಬೊಬ್ಬರೇ ಬಂದು ಒಯ್ದರು. ಆರು ವರ್ಷ ಹಾದಿ ಕಾಯ್ದ ಮಶೀನು ಮನೆಗೆ ಬಂದಿತ್ತು, ಅದನ್ನು ಮುಟ್ಟುವ ಕೈ ಇರಲಿಲ್ಲ. ಹಾಡುವುದನ್ನೂ ಬಿಟ್ಟಿದ್ದಳು. ನಾನು ದಿನಾ ಸಂಜೆ ಹೋಗಿ ಅವಳ ತಲೆ ಬಾಚಿ ಬರುತ್ತಿದ್ದೆ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನ್ನನ್ನು ಸುಡುತ್ತಿತ್ತು.

"ವಾಪಸ್ ತಗೊಳ್ರಿ ಸಂಗನಬಸಪ್ಪನವರ," ಎಂದು ಗೋಗರೆದೆ. "ಮಶೀನ ನೀವು ತಗೊಳ್ರಿ, ಕೈಕಾಲು ಆಕಿಗೆ ಕೊಡ್ರಿ."

ಅವರು ಕಣ್ಣಲ್ಲಿ ನೀರು ತಂದುಕೊಂಡು ತಮ್ಮ ತಲೆಯ ಮೇಲಿದ್ದ ಬೋರ್ಡು ತೋರಿಸಿದರು. "ಮಾರಿದ ಮಾಲು ವಾಪಸ್ ಇಲ್ಲ." ಅವರ ತಂದೆ ಎಣ್ಣೆಬಣ್ಣದಲ್ಲಿ ಬರೆಸಿದ್ದು. "ಮೊದಲನೇ ದಿನಾನ ಅಳಿಸಿ ನೋಡೇನ್ರಿ ಬಾಯಾರ. ಕೆರದರೂ ಅಷ್ಟ, ಬಿಟ್ಟರೂ ಅಷ್ಟ. ಕಟ್ಟಿ ಮ್ಯಾಲೆ ಒಮ್ಮಿ ಅಂದದ್ದು ಅಂದದ್ದ. ನನ್ನ ಹೊಟ್ಟಿ ನೋಡ್ರಿ, ಆ ಹುಡುಗೀ ಮಾರಿ ನೋಡಿ ನೋಡಿ ಮಜ್ಜಿಗಿನೂ ಇಳಿಯಾಕ ಒಲ್ಲದು."

ಇಂಗ್ಲಿಷಿನಿಂದ ಬಂದದ್ದು ಇಂಗ್ಲಿಷಿನಿಂದಲೇ ಹೋಗಲಿ ಎಂದು ನಾನು ರಾತ್ರಿಯೆಲ್ಲ ಡಿಕ್ಷನರಿ ತಿರುವಿದೆ. ಅಂಗಡಿಯವನೇ ಪುಕ್ಕಟೆ ಕೊಟ್ಟ ಎನ್ನುವುದಕ್ಕೆ "ಆನ್ ದ ಹೌಸ್" ಅನ್ನುತ್ತಾರೆ. ಮಶೀನು ಪುಕ್ಕಟೆ ಅಂದುಬಿಟ್ಟರೆ ಬೆಲೆ ಉಳಿಯುವುದಿಲ್ಲ, ಕೈಕಾಲು ಬಿಡುಗಡೆ! ಓಡಿ ಹೋಗಿ ಸಾಹುಕಾರರಿಗೆ ಬಾಯಿಪಾಠ ಮಾಡಿಸಿದೆ. ಅವರು ಕಟ್ಟೆಯ ಮೇಲೆ ಕೂತು, ಕೈ ಮುಗಿದುಕೊಂಡು, "ಶಾವಂತ್ರವ್ವನ ಮಶೀನ ಆನ್ ದ ಹೌಸ್" ಎಂದರು. ಶಾವಂತ್ರಿಯ ಕೈ ಮೊಳೆ ತೂಗುತ್ತಲೇ ಇತ್ತು. ಅಷ್ಟರಲ್ಲಿ ಗಿರಣಿಯವರು ಓಡಿ ಬಂದರು. ಮಶೀನು ಶಾವಂತ್ರಿಯ ಮನೆಯ ತಗಡಿನ ಮೇಲೆ ಹತ್ತಿ ಕೂತಿತ್ತು. ನಾಲ್ಕು ಜನ ಹಗ್ಗ ಹಾಕಿ ಇಳಿಸಬೇಕಾಯಿತು. ಅವತ್ತು ಶಾವಂತ್ರಿ ನಕ್ಕಳು, ಎಷ್ಟೋ ದಿನಗಳ ಮೇಲೆ. ನಕ್ಕು ನಕ್ಕು ಅದೇ ನಗುವಿನಲ್ಲಿ ಅಳತೊಡಗಿದಳು.

ನನ್ನಿಂದ ತಡೆಯಲಾಗಲಿಲ್ಲ. ಸಂಜೆ ಅವಳ ಕಾಲು ಅಂಗಡಿ ಬಿಟ್ಟ ಕೂಡಲೇ, ಅಲ್ಲೇ ಮೆಟ್ಟಿಲ ಕೆಳಗೆ ಅವಳನ್ನು ನಿಲ್ಲಿಸಿಕೊಂಡು ಅಂಬಕ್ಕನ ಸಂಚಿಯ ವಿಷಯ ಎಲ್ಲ ಹೇಳಿಬಿಟ್ಟೆ. "ನನಗ ಗೊತ್ತಿತ್ತವಾ ಶಾವಂತ್ರಿ. ಗೊತ್ತಿದ್ದೂ ಸುಮ್ಮನಿದ್ದೆ. ಕ್ಲಾಸು ನಿಂತುಹೋಗ್ತದಂತ ಸುಮ್ಮನಿದ್ದೆ."

"ಒಂದ ಮಾತ ಹೇಳಿದ್ರ ನಾ ಅಂತಿದ್ದಿಲ್ರಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎಡಗೈಯಿಂದ ಮೂಗು ಒರೆಸಿಕೊಂಡು, ಬೋರ್ಡಿನ ಕಡೆ ಕಣ್ಣು ಹಾಯಿಸಿ, ದರ್ಜಿಯ ಲೆಕ್ಕದ ದನಿಯಲ್ಲಿ ಕೇಳಿದಳು, "ಬಾಯಾರ, ಅಲ್ಲಿ ವಾಪಸ್ ಇಲ್ಲ ಅಂತ ಬರದೈತಿ. ಮಾರೂದಿಲ್ಲ ಅಂತ ಎಲ್ಲಿ ಬರದೈತಿ? ನನ್ನ ಕೈಕಾಲು ಈಗ ಸಾವ್ಕಾರ್ರ ಅಂಗಡ್ಯಾಗಿನ ಮಾಲಲ್ಲೇನ್ರಿ? ಅವರು ಮಾರಲಿ. ನಾ ಕೊಳ್ತೇನಿ."

ಅಯ್ಯೋ ನನ್ನ ತಲೆಯೇ! ಮೂವತ್ತು ವರ್ಷ ಪಾಠ ಮಾಡಿದ ತಲೆಗೆ ಹೊಳೆಯದ್ದು ಬಟ್ಟೆ ಕತ್ತರಿಸುವ ತಲೆಗೆ ಹೊಳೆದಿತ್ತು. ಆದರೆ ಸಂಗನಬಸಪ್ಪನವರು ಪಾಟಿ ಕೈಗೆತ್ತಿಕೊಂಡವರು ಬಳಪ ಹಿಡಿದುಕೊಂಡೇ ಕೂತರು. ಬರೆಯಲಾರರು. "ಮನಶ್ಯಾರ ಕೈಕಾಲಿಗೆ ನಾ ಎಷ್ಟಂತ ಬರೀಲಿ? ಕಡಿಮಿ ಬರದರ ಈ ಹುಡುಗೀ ಕೈ ಜೀವನಪರ್ಯಂತ ಅಷ್ಟಕ್ಕ ನಿಲ್ಲತೈತಿ. ಆಮ್ಯಾಲೆ ಆಕಿ ಏನ ಹೊಲದರೂ ಜನ ಅಷ್ಟ ಕೊಡತಾರ. ಹೆಚ್ಚ ಬರದರ ಆಕಿ ಎಲ್ಲಿಂದ ತರಬೇಕು? ಪುಕ್ಕಟ ಅಂದ್ರ ಎಲ್ಲಾ ತಗಡ ಮ್ಯಾಲೆ ಹೊಕ್ಕೈತಿ. ರೂಪಾಯಿ ಮಾತ ನನ್ನ ಕೈಲಿಂದ ಆಗೂದಿಲ್ರಿ."

ಅವರ ಮಾತು ನಿಜವಾಗಿತ್ತು. ನಾನು ಮನೆಗೆ ಬಂದು ಮತ್ತೆ ಡಿಕ್ಷನರಿ ತೆಗೆದೆ. ಈ ಸಲ ಅರ್ಥದ ಕಡೆ ನೋಡಲಿಲ್ಲ, ಪದಗಳ ಕಡೆ ನೋಡಿದೆ, ಕಟ್ಟೆ ನೋಡುವ ಹಾಗೆ. ಒಂದೊಂದನ್ನೂ ಅದು ಹೇಗೆ ಕೇಳಿಸಿಕೊಂಡೀತು ಎಂದು ತೂಗಿ ನೋಡಿದೆ. "ಡರ್ಟ್ ಚೀಪ್" ಅಂದರೆ ಕೈ ಮಣ್ಣಾದೀತು. "ಥ್ರೋ ಅವೇ ಪ್ರೈಸ್" ಅಂದರೆ ಎಲ್ಲಿಗೆ ಎಸೆದೀತೋ. ಬೆಳಗಾಗುವ ಹೊತ್ತಿಗೆ ಒಂದು ಸಿಕ್ಕಿತು. "ಗೋಯಿಂಗ್ ಫಾರ್ ಎ ಸಾಂಗ್." ಬಹಳ ಅಗ್ಗ ಎಂದು ಅರ್ಥ. ಪದ ಹಿಡಿದು ನೋಡಿದರೆ, ಒಂದು ಹಾಡಿಗೆ ಹೋಗುತ್ತಿದೆ. ಒಂದು ಹಾಡು ಕೊಟ್ಟು ಒಯ್ಯಿರಿ.

ಎಂಟಕ್ಕೆ ಮೂವರೂ ಅಂಗಡಿಯಲ್ಲಿದ್ದೆವು. ಸಾಹುಕಾರರು ನಾನು ಬರೆದುಕೊಟ್ಟ ಚೀಟಿಯನ್ನು ನಾಲ್ಕು ಸಲ ಮನಸ್ಸಿನಲ್ಲೇ ಓದಿಕೊಂಡು, ಶಾವಂತ್ರಿಯ ಕೈಕಾಲು ತೋರಿಸಿ, "ಗೋಯಿಂಗ್ ಫಾರ್ ಎ ಸಾಂಗ್" ಎಂದರು. ಅಷ್ಟು ದಿನ ಒಂದು ಕ್ಷಣವೂ ಸುಮ್ಮನಿರದಿದ್ದ ಕೈ ಮೊಳೆಯನ್ನು ತಕ್ಕಡಿಯಲ್ಲಿ ಬಿಟ್ಟು ನಿಂತಿತು. ಬೆಲೆ ಗೊತ್ತಾಗಿತ್ತು. ಹಾಡಿಗಾಗಿ ಕಾಯುತ್ತಿತ್ತು.

ಶಾವಂತ್ರಿ ಅಜ್ಜಿಯ ಬೀಸುವ ಪದಕ್ಕೆ ಬಾಯಿ ತೆರೆದಳು. ನಾನು ಅವಳ ಬಾಯಿಗೆ ಅಡ್ಡ ಕೈಯಿಟ್ಟೆ. "ಏ, ತಡಿ! ಕಟ್ಟಿ ಮ್ಯಾಲೆ ಕೊಟ್ಟದ್ದು ಕೊಟ್ಟಂಗ. ನೀ ಕೊಟ್ಟರ ಆ ಪದ ಮತ್ತ ನಿನ್ನ ಬಾಯಾಗ ಬರೂದಿಲ್ಲ. ಅದಿಲ್ಲದ ನೀ ಮಶೀನ ತುಳೀತೀಯೇನು?" ಅವಳು ಬಾಯಿ ಮುಚ್ಚಿದಳು. ನಾನು ಸಾಹುಕಾರರ ಕಡೆ ತಿರುಗಿ ಹೇಳಿದೆ, "ಕೊಳ್ಳಾಕಿ ನಾನು."

ಮೊದಲು ಸ್ಕೂಲಿನ ಪ್ರಾರ್ಥನೆ ಹಾಡಿದೆ. ಏನೂ ಆಗಲಿಲ್ಲ. ಶನಿವಾರದ ಭಜನೆಯ ಹಾಡು ಹಾಡಿದೆ, ಕಣದಲ್ಲಿ ರಾಶಿ ಮಾಡುವಾಗ ಹಾಡುವ ಹಂತಿಯ ಪದ ಎಂದು ಎರಡು ಸಾಲು ಎಳೆದೆ. ಕೈ ಅಲುಗಲಿಲ್ಲ. ಸಂಗನಬಸಪ್ಪನವರು ಮೆಲ್ಲಗೆ ಹೇಳಿದರು, "ಬಾಯಾರ, ಊರ ಹಾಡು ಊರಿಂದು. ಅದನ್ನ ನೀವು ಹೆಂಗ ಮಾರತೀರಿ? ನಿಮ್ಮದೊಂದು ಇದ್ದರ ನೋಡ್ರಿ."

ನನ್ನದೆನ್ನುವ ಹಾಡು ಒಂದೇ ಇತ್ತು. ನಮ್ಮ ಯಜಮಾನರು ಗುಂಡೂರಾಯರಿಗೆ ರಾಗವೂ ಗೊತ್ತಿರಲಿಲ್ಲ, ತಾಳವೂ ಗೊತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಹಾಲು ಕಾಯಿಸುವುದು ಅವರೇ, ಬನಿಯನ್ನಿನಲ್ಲಿ ಒಲೆಯ ಮುಂದೆ ನಿಂತು ತಾವೇ ಕಟ್ಟಿದ ಒಂದು ಹಾಡು ಹಾಡುತ್ತಿದ್ದರು. ನನ್ನನ್ನು ಏಳಿಸುವುದಕ್ಕೆ. ಮದುವೆಯಾದ ಮಾರನೆಯ ದಿನದಿಂದ ಆಸ್ಪತ್ರೆಗೆ ಹೋದ ದಿನದವರೆಗೆ. ಅವರು ಹೋದ ಮೇಲೆ ಒಲೆ ಹಚ್ಚುವಾಗ ಅದನ್ನು ನಾನು ಹಾಡುತ್ತಿದ್ದೆ. ಜಗತ್ತಿನಲ್ಲಿ ಅದು ಇನ್ನಾರಿಗೂ ಬರುತ್ತಿರಲಿಲ್ಲ. ಮಕ್ಕಳಿಲ್ಲದ ನಮಗೆ ಇಬ್ಬರೂ ಸೇರಿ ಸಾಕಿದ್ದು ಅದೊಂದೇ.

ನನಗೆ ಅಂಜಿಕೆಯಾಯಿತು. ಸುಳ್ಳೇಕೆ ಹೇಳಲಿ, ಒಂದು ಕ್ಷಣ ಮೆಟ್ಟಿಲಿಳಿದು ಹೋಗಿಬಿಡಬೇಕು ಅನಿಸಿತು. ಶಾವಂತ್ರಿ ನನ್ನ ಮುಖ ನೋಡಿ ಏನು ಅರ್ಥ ಮಾಡಿಕೊಂಡಳೋ, "ಬ್ಯಾಡ್ರಿ ಬಾಯಾರ, ರೂಢಿ ಆಗೈತಿ," ಎಂದಳು. ರೂಢಿ ಆಗಿದೆ ಎನ್ನುತ್ತಿದ್ದವಳ ಎಡಗೈ ಬಲಗೈಯನ್ನು ಕೂಸಿನ ಹಾಗೆ ಎತ್ತಿ ಹಿಡಿದುಕೊಂಡಿತ್ತು. ನಾನು ಕಟ್ಟೆಗೆ ಆನಿಕೊಂಡು ನಿಂತು ಹಾಡಿದೆ. ಪೂರ್ತಿ ಹಾಡಿದೆನಂತೆ, ಮೂರು ನುಡಿ. ಸಾಹುಕಾರರು ಓಮಿನ ಕಾಳು ಅಗಿಯುವುದನ್ನು ಬಿಟ್ಟು ಕೇಳಿದರಂತೆ. ಶಾವಂತ್ರಿ ಆಮೇಲೆ ಹೇಳಿದ್ದು ಇದು.

ಹಾಡು ಮುಗಿದ ಕೂಡಲೇ ಆ ಕೈಕಾಲು ನನ್ನವಾದವು. ಆಗ ನನ್ನ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಬೇಕು ಎಂದುಕೊಂಡೆ. ಶಾವಂತ್ರಿಯ ಬಲಗೈ ಎದ್ದು ಬಂದು ಒರಟು ಬೆರಳುಗಳಿಂದ ನನ್ನ ಎರಡೂ ಕೆನ್ನೆ ಒರೆಸಿತು. ನಾನು ಅವಳನ್ನು ಮೆಟ್ಟಿಲಿಳಿಸಿ ಬೀದಿಗೆ ಕರೆದುಕೊಂಡು ಬಂದೆ. ಬೀದಿಯಲ್ಲಿ ನಿಂತು, ಮಾರಾಟವಿಲ್ಲ, ಬೆಲೆಯಿಲ್ಲ, ಹೇಳಿದೆ, "ತಗೋಳವಾ ತಂಗಿ, ನಿನ್ನ ಕೈ, ನಿನ್ನ ಕಾಲು." ಅವಳು ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆಮೇಲೆ ನನ್ನನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಎದುರಿನ ಪಾತ್ರೆ ಅಂಗಡಿಯವರು ಕೂಡ ಕಣ್ಣೊರೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆಲ್ಲ ಗಿರಣಿಯ ಹಿಂದಿನಿಂದ ಮಶೀನಿನ ಸದ್ದು ಕೇಳುತ್ತಿತ್ತು, ಅದರ ಜೊತೆಗೆ ಬೀಸುವ ಪದವೂ ಕೇಳುತ್ತಿತ್ತು. ಸಾಹುಕಾರರಿಗೆ ನಷ್ಟವಾಗಬಾರದೆಂದು ಅವಳು ಹೊಲಿಗೆಯ ದಾರ, ಸೂಜಿ, ಎಣ್ಣೆ ಎಲ್ಲ ಇಂದಿಗೂ ಅವರಲ್ಲೇ ಕೊಳ್ಳುತ್ತಾಳೆ, ಬೆರಳು ಮಾಡಿ ತೋರಿಸಿ.

ಮಾರನೆಯ ಬೆಳಿಗ್ಗೆ ನಾನು ಒಲೆ ಹಚ್ಚಿ ಹಾಲಿಟ್ಟೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಕಣ್ಣು ಮುಚ್ಚಿದರೆ ಗುಂಡೂರಾಯರು ಬನಿಯನ್ನಿನಲ್ಲಿ ಒಲೆಯ ಮುಂದೆ ನಿಂತಿರುವುದು ಕಾಣುತ್ತದೆ, ಬಾಯಿ ಆಡುವುದೂ ಕಾಣುತ್ತದೆ, ದನಿ ಇಲ್ಲ. ಶಾವಂತ್ರಿಗೆ ಆ ಹಾಡು ನೆನಪಿದೆ. ಕೇಳಿದಾಗೆಲ್ಲ ಬಿಡಿಸಿ ಹೇಳುತ್ತಾಳೆ, ನಾನು ಬರೆದುಕೊಂಡೂ ನೋಡಿದ್ದೇನೆ. ಮರುದಿನ ಓದಿದರೆ ಯಾರದೋ ಮನೆಯ ಹಾಲು, ಯಾರೋ ಮಲಗಿದ್ದಾರೆ, ಯಾರೋ ಏಳಿಸುತ್ತಿದ್ದಾರೆ. ಕ್ಲಾಸು ನಿಲ್ಲಿಸಿದ್ದೇನೆ. ನಾಲ್ಕು ಗಂಟೆಗೆ ಶಾವಂತ್ರಿ ಮಾತ್ರ ಕೈಯಲ್ಲಿ ಕಾಜಾ ಹಾಕುವ ಜಂಪರು ಹಿಡಿದು ಬಂದು ಪಡಸಾಲೆಯಲ್ಲಿ ಕೂರುತ್ತಾಳೆ.

ಹಾಡು ಈಗ ಅಂಗಡಿಯ ಮಾಲು. ಅದನ್ನು ನನಗೆ ಮಾರಲು ಸಾಹುಕಾರರು ಸಿದ್ಧ, ಎಷ್ಟೆಂದು ಬರೆಯಲು ಮಾತ್ರ ಅವರ ಬಳಪ ಏಳುವುದಿಲ್ಲ. ಸಂಗನಬಸಪ್ಪನವರು ಬೆಳಿಗ್ಗೆ ಬಾಗಿಲು ತೆಗೆದು ಊದುಬತ್ತಿ ಹಚ್ಚುವಾಗ ತಮಗೆ ಗೊತ್ತಿಲ್ಲದೆ ಅದನ್ನು ಗುನುಗುತ್ತಾರೆ. ಅವರಿಗೂ ರಾಗವಿಲ್ಲ, ತಾಳವಿಲ್ಲ. ನಾನು ದಿನಾ ಎಂಟಕ್ಕೆ ಸರಿಯಾಗಿ ಹೋಗಿ ಒಂದು ಮೊಳೆ ಕೊಳ್ಳುತ್ತೇನೆ. ಅವರು ಬೇಕೆಂದೇ ಹತ್ತು ಡಬ್ಬಿ ತೆಗೆದು, ನಿಧಾನವಾಗಿ ಹುಡುಕಿ, ಕಾಗದದಲ್ಲಿ ಸುತ್ತಿ, ಮೂರು ನುಡಿ ಮುಗಿಯುವವರೆಗೆ ಸುತಳಿ ಸುತ್ತುತ್ತಾರೆ. ಯಾವ ಹಾಡೋ, ಕೇಳಲು ಬಹಳ ಚೆನ್ನಾಗಿದೆ. ಕೇಳುತ್ತಿದ್ದರೆ ಯಾರೋ ನನ್ನನ್ನು ಏಳಿಸಲು ಬಂದ ಹಾಗಾಗುತ್ತದೆ. ಪಾಟಿಯ ಮೇಲೆ ಅವರು ಬರೆದಷ್ಟು ಎಣಿಸಿ ಕೊಟ್ಟು ಬರುತ್ತೇನೆ. ಹೆಚ್ಚಾಯಿತು ಎಂದು ಒಂದು ದಿನವೂ ಅಂದಿಲ್ಲ.